ಸಣ್ಣರಂಗಯ್ಯ ಬ್ಯಾಂಕಾಕಿಗೆ ಹೋದದ್ದು

ಕೊಡಿಗೇನಹಳ್ಳಿಯ ಗೊಬ್ಬರದ ಅಂಗಡಿಯೊಂದರಲ್ಲಿ ಸಣ್ಣರಂಗಯ್ಯ ಮೂವತ್ತೊಂದು ವರ್ಷದಿಂದ ಬಿತ್ತನೆ ಬೀಜ ತೂಗುತ್ತಿದ್ದ. ಹೆಚ್ಚು ಮಾಲು ಮಾರಿದ ಅಂಗಡಿಗಳಿಗೆ ಕಂಪನಿಯವರು ಬ್ಯಾಂಕಾಕ್ ಪ್ರವಾಸ ಇಟ್ಟಾಗ, ಬೆನ್ನುನೋವಿನ ಯಜಮಾನರು ತಮ್ಮ ಬದಲು ಇವನ ಹೆಸರು ಬರೆಸಿದರು. ‘ಹೋಗ್ಬಾರಯ್ಯ, ನಾಕು ದಿನ ರೆಸ್ಟ್ ತಗೊಂಡಂಗಾಯ್ತದೆ’ ಎಂದರು.

ರೆಸ್ಟ್ ಎಲ್ಲಿ ಬಂತು? ಮೂರನೆಯ ದಿನ ಬೆಳಗಿನಿಂದ ದೇವಸ್ಥಾನ, ದೋಣಿ, ಮಾಲ್ ಎಂದು ಸುತ್ತಿಸಿ, ಕತ್ತಲಾದ ಮೇಲೆ ರಾತ್ರಿ ಸಂತೆಯ ಬಾಯಲ್ಲಿ ಇಳಿಸಿದರು. ಹೊಸ ಶೂ ಹಿಮ್ಮಡಿಯನ್ನು ಕಚ್ಚಿ ಬೊಬ್ಬೆ ಎಬ್ಬಿಸಿತ್ತು. ಬಲ್ಬುಗಳ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಸುಟ್ಟ ಮೀನಿನ ಹೊಗೆಗೆ ತಲೆ ಭಾರವಾಗಿತ್ತು.

‘ನೀನು ನೋಡ್ಕಂಡ್ ಬಾರಪ್ಪ, ನಾನು ಇಲ್ಲೇ ಕುಂತಿರ್ತೀನಿ’ ಎಂದು ಜೊತೆಗಿದ್ದ ಶಿರಾದ ಭೀಮರಾಜುವನ್ನು ಕಳಿಸಿದ.

ಎದುರಿಗೆ ತನ್ನದೇ ವಯಸ್ಸಿನ ಹೆಂಗಸೊಬ್ಬಳು ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು. ಥೇಟ್ ಊರಿನದೇ ವಾಸನೆ. ಇವನು ಕುಂಟುವುದನ್ನು ಕಂಡು ಅವಳು ಸ್ಟೂಲು ತಳ್ಳಿದಳು. ಶೂ ಬಿಚ್ಚಿ ಕೂತ.

ಅವಳ ಊಟದ ಡಬ್ಬಿ ಪಕ್ಕದಲ್ಲೇ ಇತ್ತು. ಮುಚ್ಚಳ ತೆಗೆಯುವಷ್ಟರಲ್ಲಿ ಗಿರಾಕಿ ಬರುತ್ತಿದ್ದ. ಮತ್ತೆ ಮುಚ್ಚಿ ಏಳುತ್ತಿದ್ದಳು. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ಸಣ್ಣರಂಗಯ್ಯನಿಗೆ ನೋಡಲಾಗಲಿಲ್ಲ. ಬರಿಗಾಲಲ್ಲೇ ಎದ್ದು, ಅಳತೆಯ ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಉಣ್ಣು ಎಂದು ಸನ್ನೆ ಮಾಡಿದ.

ಅವಳು ಅನುಮಾನದಿಂದಲೇ ಕೂತಳು. ಅವನು ಅಳೆದು ಚೀಲಕ್ಕೆ ಸುರಿದ, ಮೇಲೊಂದು ಹಿಡಿ ಹಾಕಿದ. ಗಿರಾಕಿಗಳು ಬೆಲೆಯ ಬೋರ್ಡು ಓದಿ ಅವಳ ಪೆಟ್ಟಿಗೆಗೇ ದುಡ್ಡು ಹಾಕಿ ಹೋದರು. ಅವನ ಕೈಗಂತೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿಂತು ನಿಂತು ಸೊಂಟ ಹಿಡಿಯಿತು, ಆದರೂ ಮೂರು ದಿನದಲ್ಲಿ ಮೊದಲ ಸಲ ಮನಸ್ಸಿಗೆ ಸಮಾಧಾನವೆನಿಸಿತು.

ಭೀಮರಾಜು ಹುಡುಕುತ್ತ ಬಂದ. ‘ಇದೇನಣ್ಣ, ಇಲ್ಲೂ ಅಂಗಡೀಲಿ ನಿಂತ್ಬುಟ್ಟಿದ್ದೀಯ? ಬಸ್ಸು ಹೊರಡ್ತೈತೆ.’

‘ಎರಡು ನಿಮಿಷ ತಡಿ ಕಣಪ್ಪ. ಆಯಮ್ಮ ಉಂಡು ಕೈ ತೊಳೀಲಿ.’

ಅವಳು ಬೇಗ ಬೇಗ ಉಂಡು ಎದ್ದಳು. ಚೀಲದ ತುಂಬ ಕಡಲೆಕಾಯಿ ಕೊಟ್ಟು ಕೈ ಮುಗಿದಳು. ಇವನೂ ಮುಗಿದ.

ಬಸ್ಸಿನಲ್ಲಿ ಚೀಲ ಎಲ್ಲರ ಕೈ ದಾಟಿ ಹಿಂದಿನ ಸೀಟಿಗೆ ಹೋಯಿತು. ‘ನಿನಗೆ ಬ್ಯಾಡ್ವಾ ಅಣ್ಣ?’ ಎಂದು ಭೀಮರಾಜು ತಿರುಗಿ ನೋಡಿದ. ಸಣ್ಣರಂಗಯ್ಯ ಆಗಲೇ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ.