ಇಪ್ಪತ್ತೇಳು ಇಂಚು

ಪರದೆ ಅಂಗಡಿಯ ಟೇಪಣ್ಣ ಯಾರನ್ನೂ ಬಾಯಿಮಾತಿನ ಮೇಲೆ ನಂಬಿದವನಲ್ಲ. ಕಿಟಕಿಯ ಅಳತೆಯನ್ನು ಮನೆಯವರೇ ಬರೆದುಕೊಟ್ಟರೂ ತಾನೇ ಹೋಗಿ ಅಳೆಯುತ್ತಿದ್ದ. ತಾನು ಅಳೆದದ್ದನ್ನೂ ನಂಬದೆ ಮತ್ತೊಮ್ಮೆ ಅಳೆಯುತ್ತಿದ್ದ. ಹೊಸ ಚಪ್ಪಲಿ ಕೊಂಡರೆ ಎಡದ್ದನ್ನೂ ಬಲದ್ದನ್ನೂ ಬೆನ್ನಿಗೆ ಬೆನ್ನು ಹಚ್ಚಿ ನೋಡುವವನು. ಷರಟಿನ ಜೇಬಿನಲ್ಲಿ ಸದಾ ಉಕ್ಕಿನ ಟೇಪು ಇರುತ್ತಿದ್ದುದರಿಂದ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು.

ಅಳೆಯದೆ ನಂಬಿದ್ದು ಎರಡನ್ನು ಮಾತ್ರ: ತಂಗಿಯ ದನಿಯನ್ನು, ಗೆಳೆಯ ಬಡಗಿಯ ಕೈಯನ್ನು. ಇಪ್ಪತ್ತೆರಡು ವರ್ಷ, ಶನಿವಾರ ಸಂಜೆ, ಒಂದು ಹೋಟೆಲಿನ ಪುಟ್ಟ ವೇದಿಕೆಯ ಮೇಲೆ ತಂಗಿ ಹಾಡಿದಳು, ಅವನು ಎಲೆಕ್ಟ್ರಿಕ್ ಗಿಟಾರ್ ನುಡಿಸಿದ, ಬಡಗಿ ಡ್ರಮ್ ಬಾರಿಸಿದ. ವಾರವೆಲ್ಲ ಬೇರೆಯವರ ಕಿಟಕಿ ಮುಚ್ಚುವವನಿಗೆ ಉಸಿರಾಡಲು ಇದ್ದದ್ದು ಆ ಎರಡು ಗಂಟೆ.

ಆಮೇಲೆ ತಂಗಿಗೆ ಗಂಟಲಿನ ಆಪರೇಷನ್ ಆಯಿತು. ಗುಣವಾದ ಮೇಲೂ ಅವಳು "ಇನ್ನೊಂದು ವಾರ ಹೋಗ್ಲಿ ಅಣ್ಣ" ಎಂದು ದಿನ ದೂಡುತ್ತಲೇ ಇದ್ದಳು.

ಟೇಪಣ್ಣನಿಗೆ ಅನುಮಾನ ಮೊಳೆತದ್ದು ಗಿಟಾರಿನ ಪೆಟ್ಟಿಗೆಯಿಂದ. ಪೆಟ್ಟಿಗೆ ಮುಚ್ಚಿದ ಮೇಲೆ ಗಿಟಾರನ್ನು ಹೆಗಲಿಗೆ ಹಾಕುವ ಬೆಲ್ಟಿನ ತುದಿಯನ್ನು ಅವನು ಹೊರಗೆ ಎರಡು ಬೆರಳಷ್ಟು ಬಿಡುತ್ತಿದ್ದ, ಯಾರಾದರೂ ತೆರೆದರೆ ತಿಳಿಯಲಿ ಎಂದು. ಒಂದು ದಿನ ಕೆಲಸದಿಂದ ಬಂದು ನೋಡಿದರೆ ಬೆಲ್ಟು ಪೂರ್ತಿ ಒಳಗಿತ್ತು. ಮಖಮಲ್ಲಿನ ಮೇಲೆ ಮರದ ಹುಡಿ ಬೇರೆ.

"ಇದನ್ಯಾರು ಮುಟ್ಟಿದ್ರು?"

"ನಾನೇ ಅಣ್ಣ. ಧೂಳು ಹೊಡ್ದೆ."

ಧೂಳು ಹೊಡೆದ ಮೇಲೆ ಧೂಳು ಹೆಚ್ಚಾಗುವುದು ಹೇಗೆ? ಮಾರನೆಯ ದಿನ ನೆಪ ಹೂಡಿ ಬಡಗಿಯ ಕೆಲಸದ ಕೊಟ್ಟಿಗೆಗೆ ಹೋದ. ಬಡಗಿ ಒಳಗೆ ಕೈ ತೊಳೆಯುತ್ತಿದ್ದ. ಬಾಗಿಲ ಚೌಕಟ್ಟುಗಳ ಸಂದಿಯಲ್ಲಿ ಕಂದು ಕಾಗದವೊಂದು ಇಣುಕುತ್ತಿತ್ತು. ಅದರ ಮೇಲೆ ತನ್ನ ಗಿಟಾರಿನದೇ ರೂಪರೇಖೆ. ಅದೇ ಎರಡು ಕೊಂಬು, ಅದೇ ಸೊಂಟ. ಕತ್ತಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ: ತಂತಿಯ ಉದ್ದ ೨೭.

ಅವನ ಗಿಟಾರಿನ ತಂತಿ ಇಪ್ಪತ್ತೈದೂವರೆ ಇಂಚು. ಮನೆಗೆ ಬಂದು ಮೂರು ಸಲ ಅಳೆದ, ಇಪ್ಪತ್ತೈದೂವರೆಯೇ. ಅಂದರೆ ಬಡಗಿ ಮಾಡುತ್ತಿರುವ ಈ ಗಿಟಾರ್ ತನಗಲ್ಲ. ತನಗಿಂತ ಉದ್ದ ಕೈಯವನಿಗೆ. ಅಲ್ಲಿಂದ ಎರಡು ವಾರ ಅವನು ಕಂಡ ಕಂಡ ಎತ್ತರದ ಗಂಡಸರ ಕೈ ಕುಲುಕಿದ. ಅಂಚೆಯವನಂತೂ ಹೆದರಿ ಕಾಗದಗಳನ್ನು ಬಾಗಿಲ ಕೆಳಗಿನಿಂದ ತಳ್ಳತೊಡಗಿದ.

ಕೊನೆಗೆ ಒಂದು ಮಧ್ಯಾಹ್ನ, ಅಂಗಡಿಯಿಂದ ಬೇಗ ಬಂದವನಿಗೆ ಅಡುಗೆಮನೆಯಿಂದ ಬಡಗಿಯ ದನಿ ಕೇಳಿಸಿತು.

"ಇಳಿಸ್ಲೇಬೇಕು ಕಣಮ್ಮ. ಬೇರೆ ದಾರಿ ಇಲ್ಲ."

"ಇಷ್ಟು ವರ್ಷ ಆದ್ಮೇಲೆ ಅಣ್ಣಂಗೆ ಯಾವ ಬಾಯಲ್ಲಿ ಹೇಳ್ಲಿ?"

ಟೇಪಣ್ಣ ಚಪ್ಪಲಿ ಕೈಯಲ್ಲಿ ಹಿಡಿದು, ಬಂದ ಹಾಗೇ ಹೊರಗೆ ಹೋದ. ತನ್ನನ್ನು ವೇದಿಕೆಯಿಂದ ಇಳಿಸುವುದು ಖಚಿತವಾಯಿತು. ಮರುದಿನ ಗಿಟಾರಿನ ಪೆಟ್ಟಿಗೆ ಹೊತ್ತು ಕೊಟ್ಟಿಗೆಗೆ ನುಗ್ಗಿದ. ತಂಗಿಯೂ ಅಲ್ಲೇ ಇದ್ದಳು. ಬಡಗಿ ಗಿಟಾರಿನ ಹೊಸ ಕತ್ತೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ನೀವು ಇಳಿಸೋದೇನೂ ಬೇಡ. ನಾನೇ ಇಳೀತೀನಿ."

"ಎಲ್ಲಿಂದಲೋ? ಏಣಿ ಹತ್ತಿದ್ಯಾ?"

"ಪಕ್ಕದಲ್ಲಿ ಕೂತೋನೇ ಕತ್ತು ಕೊಯ್ತಾನೆ ಅಂದ್ಕೊಂಡಿರ್ಲಿಲ್ಲ."

"ಕೊಯ್ತಿಲ್ಲವೋ, ಉಜ್ತಾ ಇದೀನಿ," ಎಂದು ಬಡಗಿ ಮರಳು ಕಾಗದ ತೋರಿಸಿದ.

ತಂಗಿ ನಗಲಿಲ್ಲ. "ಇಳಿಸ್ಬೇಕಾಗಿರೋದು ನಿನ್ನನ್ನಲ್ಲ ಅಣ್ಣ. ಶ್ರುತೀನ. ಮೇಲಿನ ಸ್ವರ ನಂಗೆ ಎಟುಕ್ತಿಲ್ಲ. ಎರಡು ಸ್ವರ ಕೆಳಗೆ ಹಾಡಿದ್ರೆ ಆಗುತ್ತೆ."

"ಅಷ್ಟಕ್ಕೆ ಹೊಸ ಗಿಟಾರ್ ಯಾಕೆ? ಬಿರಡೆ ತಿರುಗ್ಸಿದ್ರೆ ಆಯ್ತು."

"ತಿರುಗ್ಸು ನೋಡೋಣ," ಎಂದ ಬಡಗಿ.

ಟೇಪಣ್ಣ ತನ್ನ ಗಿಟಾರಿನ ಬಿರಡೆಗಳನ್ನು ಸಡಿಲಿಸಿ ಮೀಟಿದ. ದಪ್ಪ ತಂತಿ ಜೋಲು ಬಿದ್ದು ಬಡಬಡಿಸಿತು.

"ಬಟ್ಟೆ ಒಣಗಿಸೋ ಹಗ್ಗ," ಎಂದ ಬಡಗಿ. "ತಂತಿ ಇನ್ನೂ ಒಂದೂವರೆ ಇಂಚು ಉದ್ದ ಆದ್ರೆ ಶ್ರುತಿ ಇಳಿದ್ರೂ ಬಿಗಿ ಇರುತ್ತೆ. ನಿನಗೇ ಮಾಡ್ತಿರೋದು. ನಿನ್ನ ಗಿಟಾರಿನದೇ ಅಚ್ಚು, ನಿನ್ನ ಬೆರಳಿನ ಅದೇ ಪಟ್ಟು."

ಟೇಪಣ್ಣ ಬಿರಡೆಗಳನ್ನು ಮತ್ತೆ ಬಿಗಿ ಮಾಡುತ್ತ ಕೇಳಿದ: "ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ದಿನಾ ನನ್ನ ದನಿ ಅಳೀತಿದ್ದೆ," ಎಂದಳು ತಂಗಿ.

ಹತ್ತು ದಿನಕ್ಕೆ ಗಿಟಾರ್ ಸಿದ್ಧವಾಯಿತು. ನೋಡಲು ಹಳೆಯದರ ಪಡಿಯಚ್ಚು. ಆದರೆ ಮೊದಲ ಪಟ್ಟಿನಲ್ಲೇ ಬೆರಳು ಕಾಲಂಗುಲ ಹಿಂದೆ ಬಿತ್ತು. "ನನ್ನ ಗಿಟಾರಿನ ವೇಷ ಹಾಕ್ಕೊಂಡು ಬೇರೆ ಯಾರೋ ಬಂದಿದಾರೆ," ಎಂದು ಗೊಣಗಿದ. ಎರಡನೆಯ ಸಲ ಬೆರಳು ಅಗಲಿಸಿ ಹಿಡಿದ. ದಪ್ಪ ತಂತಿ ಬಡಬಡಿಸಲಿಲ್ಲ. ನೆಲದೊಳಗಿಂದ ಎದ್ದು ಬಂದಂತೆ ದುಂಡಗೆ ಮೊಳಗಿತು. ತಂಗಿ ಕಣ್ಣು ಮುಚ್ಚಿ ಒಂದು ಸಾಲು ಹಾಡಿದಳು. ದನಿ ಒರಟಾಗಿತ್ತು, ಒಡೆಯಲಿಲ್ಲ. ಪೂರ್ತಿ ಹಾಡು ಮುಗಿಯಿತು.

ಟೇಪಣ್ಣ ಜೇಬಿನಿಂದ ಟೇಪು ತೆಗೆದು ತಂತಿಗೆ ಹಿಡಿದ.

"ನನ್ನ ಮೇಲೂ ನಂಬಿಕೆ ಇಲ್ವೇನೋ?" ಎಂದ ಬಡಗಿ.

"ನಿನ್ನ ಮೇಲಿದೆ. ಮರದ ಮೇಲಿಲ್ಲ. ಬಾಗುತ್ತೆ."

ನಾಲ್ಕು ವರ್ಷ ಅವನು ಅದನ್ನೇ ನುಡಿಸಿದ. ಹೋದ ತಿಂಗಳು ತೀರಿಕೊಂಡ. ತಂಗಿ ಪೆಟ್ಟಿಗೆ ತೆರೆಯಲು ಹೋದಾಗ ಬೆಲ್ಟಿನ ತುದಿ ಎರಡು ಬೆರಳು ಹೊರಗಿತ್ತು. ಒಳಗೆ ಆ ಕಂದು ಕಾಗದ, ಅದರ ತುಂಬ ತಿಂಗಳು ತಿಂಗಳಿಗೆ ಅವನದೇ ಅಕ್ಷರದಲ್ಲಿ ೨೭, ೨೭, ೨೭. ಆಸ್ಪತ್ರೆ ಸೇರಿದ ತಿಂಗಳ ಜಾಗ ಖಾಲಿ.

ಪಕ್ಕದಲ್ಲಿದ್ದ ಬಡಗಿ ಅವನ ಟೇಪು ಎಳೆದು ತಂತಿ ಅಳೆದ. ಬರೆಯಲು ಪೆನ್ಸಿಲ್ ಎತ್ತಿದಾಗ ತಂಗಿ ತಡೆದಳು.

"ಇನ್ನೊಂದ್ಸಲ ಅಳೀರಿ. ಒಂದ್ಸಲದ್ದು ಅಣ್ಣ ನಂಬಲ್ಲ."