ಖಾಲಿ ಓಡಿಸಿ ಕೊಂಡ ಮನೆ ಲಾರಿ

ಯುದ್ಧ ಮುಗಿದು ನಮ್ಮವರು ಮಿಲಿಟರಿ ಡ್ರೈವರ್ ಕೆಲಸದಿಂದ ಮರಳಿದಾಗ ದೊಡ್ಡಬಳ್ಳಾಪುರದ ಮನೆಯಲ್ಲಿ ನಮ್ಮಿಬ್ಬರಿಗೆ ಚಾಪೆ ಹಾಸುವಷ್ಟು ಜಾಗವಿರಲಿಲ್ಲ. ಬಾವನವರದು ನೇಯ್ಗೆಯ ಸಂಸಾರ. ನಡುಮನೆಯಲ್ಲಿ ಎರಡು ಗುಂಡಿಮಗ್ಗ, ಪಡಸಾಲೆಯಲ್ಲಿ ಇನ್ನೊಂದು. ಮಗ್ಗಗಳ ನಡುವೆ ಉಳಿದ ಓಣಿಯಲ್ಲಿ ಅತ್ತೆ, ಓರಗಿತ್ತಿ, ಅವರ ಮಕ್ಕಳು ಸಾಲಾಗಿ ಮಲಗುತ್ತಿದ್ದರು. ನಾನು ಹೊಲಿಗೆ ಮಿಷನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದುದು ಬಚ್ಚಲ ಪಕ್ಕದಲ್ಲಿ. ಹೊಗೆ ಬಂದರೆ ಬಟ್ಟೆ ಕಪ್ಪಾಗುತ್ತಿತ್ತು.

ಬಾವನವರು ಒಳ್ಳೆಯವರೇ. ಆದರೆ ತಮ್ಮನಾದವನು ಮಗ್ಗ ಬಿಟ್ಟು ಮಿಲಿಟರಿಗೆ ಹೋದದ್ದು ಅವರ ಮನಸ್ಸಿನಲ್ಲಿ ಹಾಗೆಯೇ ಇತ್ತು. "ಮಗ್ಗಕ್ಕೆ ಕೂತ್ಕೋತೀಯೋ, ಇಲ್ವೋ ಹೇಳ್ಬಿಡು" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದರು. ನಮ್ಮವರು ತಲೆ ಎತ್ತದೆ ಮುದ್ದೆ ಮುರಿಯುತ್ತಿದ್ದರು.

ಅಸ್ಸಾಮಿನ ಕಡೆ ಇದ್ದಾಗ ಅವರು ಒಬ್ಬ ದೊಡ್ಡ ಆಫೀಸರ ಮನೆ ಲಾರಿ ಕಂಡಿದ್ದರಂತೆ. ಲಾರಿಯ ಮೇಲೆಯೇ ಮಂಚ, ಮೇಜು, ಕಿಟಕಿಗೆ ಪರದೆ, ಕೈ ತೊಳೆಯಲು ತಗಡಿನ ತೊಟ್ಟಿ. ಅದನ್ನು ಅವರು ನನಗೆ ಎಷ್ಟು ಸಲ ಹೇಳಿದ್ದರೆಂದರೆ ಪರದೆಯ ಬಣ್ಣವೂ ನನಗೆ ಬಾಯಿಪಾಠವಾಗಿತ್ತು. ಒಂದು ದಿನ ಅವರು ಬೆಂಗಳೂರಿಗೆ ಹೋಗಿ ಬಂದು, ಮಿಲಿಟರಿಯವರು ಬಿಟ್ಟ ಲಾರಿಗಳನ್ನು ಹರಾಜಿನಲ್ಲಿ ಹಿಡಿದು ಮೇಲೆ ಮನೆ ಕಟ್ಟಿಕೊಡುವ ಒಂದು ಶೆಡ್ಡು ಇದೆಯೆಂದರು. "ಒಂದೊಂದು ದಿನ ಒಂದೊಂದೂರ ಸಂತೆ. ನೀನು ಗಾಡೀಲೇ ಕೂತು ಹೊಲೀ. ನಾನು ಓಡಿಸ್ತೀನಿ. ಯಾರ ಮನೆ ಬಚ್ಚಲೂ ಬೇಡ." ಅವರು ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದು ನಾನು ಕೇಳಿಯೇ ಇರಲಿಲ್ಲ.

ಅತ್ತೆ ಮೂಲೆಯಲ್ಲಿ ಹತ್ತಿ ಬಿಡಿಸುತ್ತಿದ್ದವರು, "ನನಗೂ ಜಾಗ ಇರ್ತದೇನಪ್ಪಾ ಅದ್ರಲ್ಲಿ?" ಎಂದರು.

ಗಾಡಿ ನೋಡಲು ನಾನೂ ಹೋಗಿದ್ದೆ. ಶೆಡ್ಡಿನ ಯಜಮಾನ ನಗುಮುಖದ ಮನುಷ್ಯ. ನನಗೆ ಕುರ್ಚಿ ಹಾಕಿಸಿ ಕಾಫಿ ತರಿಸಿದ. ಗಾಡಿಗೆ ಆಗಷ್ಟೇ ಹಸಿರು ಬಣ್ಣ ಬಳಿದಿದ್ದರು, ಅದರ ವಾಸನೆಗೇ ಕಣ್ಣು ಉರಿಯುತ್ತಿತ್ತು. ಒಳಗೆ ಗೋಡೆಗುಂಟ ಎರಡು ಹಲಗೆ ಮಂಚ. ಹಿಂಭಾಗದಲ್ಲಿ ಅಡಿಗೆ ಕಟ್ಟೆ, ಪಾತ್ರೆ ಗೂಡು, ನೀರಿನ ಪೀಪಾಯಿ. ಆಗ ಪೆಟ್ರೋಲಿಗೆ ರೇಷನ್ನು. ಹಾಗಾಗಿ ಬಸ್ಸುಗಳಿಗೆ ಇರುವಂತೆ ಇದಕ್ಕೂ ಇದ್ದಿಲು ಉರಿಸಿ ಅದರ ಗ್ಯಾಸಿನಿಂದ ಇಂಜಿನ್ನು ಓಡಿಸುವ ದೊಡ್ಡ ಕಬ್ಬಿಣದ ಉರುಳೆಯನ್ನು ಹಿಂದೆ ಹೊರಗಡೆ ಕೂರಿಸಿದ್ದರು. ಯಜಮಾನ ಗೋಡೆಯನ್ನು ಅಂಗೈಯಿಂದ ಬಡಿದು, "ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ ಸ್ವಾಮಿ" ಎಂದ.

ನಮ್ಮವರು ಅದನ್ನು ಶೆಡ್ಡಿನ ಮುಂದಿನ ನೇರ ರಸ್ತೆಯಲ್ಲಿ ಓಡಿಸಿಕೊಂಡು ಹೋಗಿ ಬಂದರು. ಪೀಪಾಯಿಯಲ್ಲಿ ನೀರಿರಲಿಲ್ಲ, ಉರುಳೆಯಲ್ಲಿ ಇದ್ದಿಲಿರಲಿಲ್ಲ. ಶೆಡ್ಡಿನವರೇ ಒಂದಿಷ್ಟು ಪೆಟ್ರೋಲು ಹಾಕಿಕೊಟ್ಟಿದ್ದರು. ಇಳಿದಾಗ ಅವರ ಮುಖ ಹಬ್ಬದ ದಿನದ ಹುಡುಗನದಂತೆ ಇತ್ತು. "ಸಾಮಾನು ತುಂಬಿ ಒಂದ್ಸಲ ನೋಡ್ಬಾರ್ದೇನ್ರೀ?" ಎಂದೆ. "ಬೆಟ್ಟದ ದಾರೀಲಿ ಲಾರಿಗಟ್ಟಲೆ ಮದ್ದುಗುಂಡು ಹೊತ್ತೋನು ಕಣೇ ನಾನು" ಎಂದರು. ಮಿಲಿಟರಿಯಲ್ಲಿ ಉಳಿಸಿದ್ದೆಲ್ಲ ಆವತ್ತು ಶೆಡ್ಡಿಗೆ ಹೋಯಿತು.

ಅತ್ತೆಯನ್ನೂ ಕರೆದುಕೊಂಡು ನಾವು ಹೊರಟ ದಿನ ಓರಗಿತ್ತಿ ಗಾಡಿಗೆ ಅರಿಶಿನ ಕುಂಕುಮ ಇಟ್ಟಳು. ನಾವು ಮಲಗುತ್ತಿದ್ದ ಜಾಗದಲ್ಲಿ ನಾಲ್ಕನೆಯ ಮಗ್ಗಕ್ಕೆ ಗುಂಡಿ ತೋಡಲು ಬಾವನವರು ಆಗಲೇ ಆಳಿಗೆ ಹೇಳಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ದೇವನಹಳ್ಳಿ ದಾರಿಯಲ್ಲಿ ರಾಜಘಟ್ಟ ದಾಟುವಷ್ಟರಲ್ಲಿ ನಮ್ಮವರ ಬೆನ್ನಿನ ಅಂಗಿ ಒದ್ದೆಯಾಗಿತ್ತು. ಕಾರಣ ನನಗೂ ಕಾಣುತ್ತಿತ್ತು. ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರೆ ಗಾಡಿ ಸ್ವಲ್ಪ ಯೋಚನೆ ಮಾಡಿ ಆಮೇಲೆ ಬಲಕ್ಕೆ ಹೋಗುತ್ತಿತ್ತು. ಹಳ್ಳ ಬಂದಾಗ ಮೂತಿ ಮೇಲೆದ್ದು, ಒಂದು ಗಳಿಗೆ ಮುಂದಿನ ಚಕ್ರಕ್ಕೂ ರಸ್ತೆಗೂ ಸಂಬಂಧವೇ ಇಲ್ಲದಂತಾಗುತ್ತಿತ್ತು. ಎತ್ತಿನಗಾಡಿಗೆ ದಾರಿ ಬಿಡಲು ಪಕ್ಕಕ್ಕೆ ಇಳಿಸಿದರೆ ಇಡೀ ಮನೆ ಕುಡಿದವನ ಹಾಗೆ ತೂಗಾಡುತ್ತಿತ್ತು.

ಸಂಜೆ ಗಾಡಿ ನಿಲ್ಲಿಸಿ ಅವರು ಸುತ್ತು ಬಂದು ನೋಡಿದರು. "ಹಿಂದಿನ ಚಕ್ರ ದಾಟಿ ಎಷ್ಟು ಆಚೆಗೆ ಕಟ್ಟಿದ್ದಾರೆ ನೋಡು. ಅಡಿಗೆಕಟ್ಟೆ, ನೀರು, ಇದ್ದಿಲು, ಎಲ್ಲಾ ಅಲ್ಲೇ. ಮುಂದೆ ತೂಕವೇ ಇಲ್ಲ."

"ಈಗೇನ್ ಮಾಡೋದು?"

"ಮುಂದಕ್ಕೆ ತೂಕ ಹಾಕೋದು."

ರುಬ್ಬುಗುಂಡನ್ನು ಡ್ರೈವರ್ ಸೀಟಿನ ಪಕ್ಕಕ್ಕೆ ತಂದೆವು. ನನ್ನ ಮಿಷನ್ನನ್ನು ಸೀಟಿನ ಹಿಂದೆ ಹಗ್ಗದಿಂದ ಬಿಗಿದೆವು. ಪೀಪಾಯಿಯನ್ನು ಅರ್ಧ ಮಾತ್ರ ತುಂಬಿಸತೊಡಗಿದೆವು, ಆದರೆ ಅರ್ಧ ತುಂಬಿದ ನೀರು ತುಳುಕಾಡಿ ತೂಗಾಟ ಇನ್ನೂ ಹೆಚ್ಚಾಯಿತು. ಕೊನೆಗೆ ಅತ್ತೆಯನ್ನೂ ಮುಂದೆ ಕೂರಿಸಿದರು. ಅತ್ತೆ ಮೈಕೈ ತುಂಬಿದ ಹೆಂಗಸು. "ಮುಂದೆ ಕೂತ್ಕೋಮ್ಮಾ, ಊರೆಲ್ಲ ಕಾಣ್ತದೆ" ಎಂದು ಮಗ ಕರೆದಾಗ ಅವರಿಗೆ ಬಹಳ ಸಂತೋಷವಾಯಿತು. ತೂಕದ ವಿಷಯ ಅವರಿಗೆ ನಾವಿಬ್ಬರೂ ಹೇಳಲಿಲ್ಲ.

ಕೆಲವು ವಾರ ನಡೆಯಿತು. ಹೊಸಕೋಟೆಯಲ್ಲಿ ಸಂತೆ ಮೈದಾನದ ಹತ್ತಿರ ನಿಲ್ಲಿಸಿದಾಗ ಮುಸಲ್ಮಾನರ ಬೀದಿಯ ಹೆಂಗಸರು ಮದುವೆಯ ಬಟ್ಟೆ ತಂದು ಕೊಟ್ಟರು. ಕಿಟಕಿಯ ಬೆಳಕಿನಲ್ಲಿ ಕೂತು ಹೊಲಿಯುತ್ತಿದ್ದೆ. ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಕೂತು ಬಂದವರ ಜೊತೆ ಹರಕುಮುರುಕು ಉರ್ದುವಿನಲ್ಲಿ ಮಾತಾಡುತ್ತಿದ್ದರು. ಆ ದಿನಗಳಲ್ಲಿ ನಾನು ಸುಖವಾಗಿದ್ದೆ ಎಂದೇ ಈಗಲೂ ಅನ್ನಿಸುತ್ತದೆ.

ಮಳೆಗಾಲ ಹಿಡಿಯಿತು. ಮೊದಲ ದೊಡ್ಡ ಮಳೆಗೇ ಚಾವಣಿಯ ತಗಡುಗಳು ಕೂಡುವಲ್ಲೆಲ್ಲ ನೀರು ಇಳಿಯಿತು. ಒರೆಸಿದಷ್ಟೂ ಹಸಿರು ಬಣ್ಣ ಕೈಗೆ ಬಂತು. ಬಣ್ಣ ಹೋದಲ್ಲಿ ಹಲಗೆಯ ಮೇಲೆ ಇಂಗ್ಲಿಷ್ ಅಕ್ಷರ ಕಾಣಿಸಿತು, ತಲೆಕೆಳಗಾಗಿ. ನಮ್ಮವರು ಕತ್ತು ವಾರೆ ಮಾಡಿ ಓದಿದರು. ಮಿಲಿಟರಿ ಸಾಮಾನು ಬಂದ ಪೆಟ್ಟಿಗೆಗಳನ್ನು ಒಡೆದು, ಆ ತೆಳು ಹಲಗೆಯಲ್ಲೇ ನಮ್ಮ ಗೋಡೆ ಕಟ್ಟಿದ್ದರು. ತಿರುಪು ಮೊಳೆ ಇರಬೇಕಾದ ಕಡೆಯೆಲ್ಲ ಬರೀ ಮೊಳೆ. ಗಾಡಿ ಅಲುಗಿ ಅಲುಗಿ ಅವು ಅರ್ಧ ಹೊರಕ್ಕೆ ಬಂದಿದ್ದವು. ಅವರು ಸುತ್ತಿಗೆ ತೆಗೆದುಕೊಂಡು ಒಂದೊಂದನ್ನೇ ಒಳಕ್ಕೆ ಹೊಡೆದರು. ಮಾರನೆಯ ದಿನ ಗಾಡಿ ಓಡಿದ ಮೇಲೆ ಮತ್ತೆ ಹೊರಕ್ಕೆ ಬಂದಿದ್ದವು. ಬಾಗಿಲು ನೀರು ಕುಡಿದು ಉಬ್ಬಿ, ಒಳಗಿದ್ದವರು ಹೊರಗೆ ಬರಬೇಕಾದರೆ ಹೊರಗಿನವರು ಎಳೆಯಬೇಕಿತ್ತು. ಹೊಲಿಯಲು ತಂದಿದ್ದ ಬೇರೆಯವರ ಬಟ್ಟೆಗೆ ಹಸಿರು ಕಲೆ ಕೂತಿತು. ಆಮೇಲೆ ಯಾರೂ ಬಟ್ಟೆ ಕೊಡಲಿಲ್ಲ.

ಬೂದಿಗೆರೆ ಕೆರೆ ಏರಿಯ ಮೇಲೆ ಅದು ನಡೆದದ್ದು ಹಗಲಿನಲ್ಲಿ, ಬಿಸಿಲಿದ್ದಾಗ. ಹಿಂದಿನ ದಿನದ ಮಳೆಗೆ ಏರಿ ಮೆತ್ತಗಾಗಿತ್ತು. ಎದುರಿಗೆ ಹುಲ್ಲಿನ ಗಾಡಿ ಬಂತು. ನಮ್ಮವರು ಎಡಕ್ಕೆ ಸರಿದು ಮತ್ತೆ ಬಲಕ್ಕೆ ತಿರುಗಿಸಿದರು. ಮುಂದಿನ ಚಕ್ರ ತಿರುಗಿದ್ದನ್ನು ಹುಲ್ಲಿನ ಗಾಡಿಯವನು ನೋಡಿದನಂತೆ. ಗಾಡಿ ಮಾತ್ರ ತಿರುಗಲಿಲ್ಲ. ಹಿಂದಿನ ತೂಕ ನಮ್ಮನ್ನು ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಏರಿಯ ಕೆಳಗಿನ ಗದ್ದೆಯ ಕಡೆಗೆ ಎಳೆದುಕೊಂಡು ಹೋಯಿತು. ಗಾಡಿ ಪಕ್ಕಕ್ಕೆ ವಾಲಿತು. ಲಾರಿಯಿಂದ ಮನೆ ಬೇರೆಯಾಗಿ, ನಮ್ಮ ಮಂಚ, ಪಾತ್ರೆ, ಒಗೆದು ಮಡಿಸಿಟ್ಟ ಸೀರೆ ಎಲ್ಲವೂ ಕೆಸರಿಗೆ ಬಿದ್ದವು. ನನಗೆ ಮೊಣಕೈ ತರಚಿತು, ಅಷ್ಟೇ. ಅವರಿಗೆ ಏನೂ ಆಗಲಿಲ್ಲ. ಅತ್ತೆಯ ಸೊಂಟದ ಮೇಲೆ ರುಬ್ಬುಗುಂಡು ಉರುಳಿತ್ತು.

ಹುಲ್ಲಿನ ಗಾಡಿಯವನೇ ಹುಲ್ಲನ್ನೆಲ್ಲ ಏರಿಯ ಮೇಲೆ ಸುರಿದು, ಅದರಲ್ಲೇ ಒಂದಿಷ್ಟನ್ನು ಹಾಸಿ, ಅತ್ತೆಯನ್ನು ಮಲಗಿಸಿಕೊಂಡು ದೇವನಹಳ್ಳಿ ಆಸ್ಪತ್ರೆಗೆ ಹೊಡೆದ. ದಾರಿಯುದ್ದಕ್ಕೂ ಅತ್ತೆ ನರಳಲಿಲ್ಲ. ಒಮ್ಮೆ ಮಾತ್ರ, "ಗಾಡಿ ರಿಪೇರಿ ಆಗ್ತದೇನಪ್ಪಾ?" ಎಂದರು. ಮಗ, "ಆಗ್ತದಮ್ಮಾ" ಎಂದರು.

ಸೊಂಟದ ಮೂಳೆ ಮುರಿದಿದೆ, ಈ ವಯಸ್ಸಿಗೆ ಕೂಡುವುದು ಕಷ್ಟವೆಂದು ಡಾಕ್ಟರು ಹೇಳಿದರು. ಅತ್ತೆಯನ್ನು ಅಲ್ಲಿಯೇ ಬಿಟ್ಟು ನಾವಿಬ್ಬರೂ ಬೆಂಗಳೂರಿನ ಶೆಡ್ಡಿಗೆ ಹೋದೆವು. ಯಜಮಾನ ಈಗಲೂ ನಗುಮುಖದಿಂದಲೇ ಮಾತಾಡಿದ. "ನೀವೇ ಓಡ್ಸಿ ನೋಡಿ ತಗೊಂಡ್ರಲ್ಲ ಸ್ವಾಮಿ. ಓಡ್ಸೋ ಕೈಗೂ ನಾವೇ ಗ್ಯಾರಂಟಿ ಕೊಡೋಕಾಗ್ತದಾ?" ಶೆಡ್ಡಿನೊಳಗೆ ಇನ್ನೊಂದು ಲಾರಿಯ ಮೇಲೆ ಅಂಥದೇ ಮನೆ ಎದ್ದಿತ್ತು, ಅದೇ ಹಸಿರು. ವಯಸ್ಸಾದ ಗಂಡಹೆಂಡಿರು ಅದನ್ನು ನೋಡುತ್ತ ನಿಂತಿದ್ದರು. ನಮ್ಮವರು ಅವರ ಹತ್ತಿರ ಹೋಗಿ, "ಖಾಲಿ ಓಡ್ಸಿ ನಂಬ್ಬೇಡಿ. ನೀರು, ಇದ್ದಿಲು, ಸಾಮಾನು ತುಂಬ್ಸಿ ಏರಿ ಮೇಲೆ ಓಡ್ಸಿ ನೋಡಿ" ಎಂದರು. ಆ ಗಂಡಸು ನಮ್ಮವರ ಕೆಸರು ಹತ್ತಿದ ಪಂಚೆಯನ್ನು ನೋಡಿ ಹೆಂಡತಿಯ ಕಡೆ ತಿರುಗಿಕೊಂಡರು. ಆಕೆ ಕಿಟಕಿಯ ಅಳತೆಯನ್ನು ಮೊಳದಲ್ಲಿ ನೋಡುತ್ತಿದ್ದರು, ಪರದೆಗೆ ಇರಬೇಕು.

ಗದ್ದೆಯಲ್ಲಿದ್ದ ಲಾರಿಯನ್ನು ಎತ್ತುಗಳಿಂದ ಎಳೆಸಿ ಹಳೇ ಕಬ್ಬಿಣಕ್ಕೆ ಕೊಟ್ಟೆವು. ಹಲಗೆಗಳನ್ನು ಊರಿನವರು ಸೌದೆಗೆ ಒಯ್ದರು. ಅತ್ತೆಯನ್ನು ಗಾಡಿ ಕಟ್ಟಿಸಿಕೊಂಡು ದೊಡ್ಡಬಳ್ಳಾಪುರಕ್ಕೆ ಕರೆತಂದಾಗ ಓರಗಿತ್ತಿ ನನ್ನ ಕೈಯ ಗಂಟನ್ನು ಇಸಿದುಕೊಂಡಳು. ಬೈದಿದ್ದರೆ ನಾನು ಅಳಬಹುದಿತ್ತು. ಒಳಗೆ ನಾಲ್ಕನೆಯ ಮಗ್ಗ ನಡೆಯುತ್ತಿತ್ತು. ಅತ್ತೆಗೆ ಮಗ್ಗಗಳ ನಡುವೆ ಹಾಸಿಗೆಯಾಯಿತು. ನಮಗೆ ಜಗಲಿ.

ನಮ್ಮವರು ಮಗ್ಗಕ್ಕೆ ಕೂತರು. ಬಿಟ್ಟ ಕೆಲಸ ಕೈಗೆ ಬರಲಿಲ್ಲ, ಎಳೆ ಮೇಲಿಂದ ಮೇಲೆ ತುಂಡಾಗುತ್ತಿತ್ತು. ಬಾವನವರು ಬೈಯದೆ ತಾವೇ ಬಂದು ಗಂಟು ಹಾಕಿ ಹೋಗುತ್ತಿದ್ದರು. ಒಮ್ಮೆ ಬಸ್ಸಿನ ಮಾಲೀಕರೊಬ್ಬರು ಡ್ರೈವರ್ ಬೇಕೆಂದು ಮನೆಯವರೆಗೆ ಬಂದರು. ನಮ್ಮವರು ಗುಂಡಿಯಿಂದ ಮೇಲೇಳದೆ, "ನನಗೆ ಗಾಡಿ ಓಡ್ಸೋಕೆ ಬರಲ್ಲ" ಎಂದರು. ಮಾಲೀಕರು ಬಾವನವರ ಮುಖ ನೋಡಿದರು. ಬಾವನವರು ತುಂಡಾದ ಎಳೆಗೆ ಗಂಟು ಹಾಕತೊಡಗಿದರು.

ನಾನು ಜಗಲಿಗೆ ಬಂದು ನಿಂತೆ. ಬಸ್ಸಿನವರು ಚಪ್ಪಲಿ ಮೆಟ್ಟುತ್ತ, "ಮಿಲಿಟರೀಲಿ ಇದ್ರು ಅಂದಿದ್ರಲ್ಲಮ್ಮಾ" ಎಂದರು. ಒಳಗಿಂದ ಅತ್ತೆ, ಮಗ್ಗಗಳ ಸದ್ದು ಮೀರಿ ಕೇಳುವಂತೆ ದನಿ ಎತ್ತಿ, ಯಾರು ಬಂದದ್ದೆಂದು ಕೇಳುತ್ತಿದ್ದರು. "ಯಾರೂ ಇಲ್ಲ ಅತ್ತೇ, ದಾರಿ ಕೇಳೋರು" ಎಂದೆ.