ಕನ್ನಡಕ ಒರೆಸುವಷ್ಟು ಹೊತ್ತು

ಒಬ್ಬರು ಜೀವಮಾನವೆಲ್ಲ ಕಟ್ಟಿದ ವಿಚಾರವನ್ನು ನಾನು ಎರಡೇ ವಾರದಲ್ಲಿ ನಗೆಪಾಟಲು ಮಾಡಿದ್ದೆ. ಅದೂ ಪ್ರೀತಿಯಿಂದ! ಮೊನ್ನೆ ಟಿ. ನಗರದ ಅಂಗಡಿಯಲ್ಲಿ ಹೊಸ ಕನ್ನಡಕದ ಜೊತೆ ಒರೆಸುವ ಬಟ್ಟೆ ಕೊಟ್ಟರು ನೋಡಿ, ಕೈ ತಾನಾಗಿ ಗಾಜು ಉಜ್ಜಿತು, ಕಣ್ಣು ಮೇಲಿನ ಫ್ಯಾನಿಗೆ ಅಂಟಿತು. ಏನೋ ಇರಬೇಕೆಂದು ಅಂಗಡಿಯವನೂ ಫ್ಯಾನ್ ನೋಡಿದ. ನನಗೆ ರಾಘವ ಮೇಷ್ಟ್ರು ನೆನಪಾದರು.

ಮೇಷ್ಟ್ರು ಹಾಸನದ ಕಡೆಯವರು. ಉಪಾಧ್ಯಾಯರಾಗುವವರಿಗೆ ಪಾಠ ಹೇಳಿ ಈ ತಮಿಳರ ಊರಲ್ಲೇ ನಿವೃತ್ತರಾದವರು; ಶಿಕ್ಷಣದ ಬಗ್ಗೆ ಯಾರೂ ಓದದ ಪುಸ್ತಕಗಳನ್ನು ಬರೆದವರು. (ನಾನು ಒಂದರ ಮುನ್ನುಡಿಯವರೆಗೆ ಹೋಗಿದ್ದೇನೆ.) ಪೆರಂಬೂರಿನ ಅವರ ವರಾಂಡದಲ್ಲಿ ಭಾನುವಾರ ರೈಲ್ವೆ ಕನ್ನಡಿಗರ ಮಕ್ಕಳು ಸೇರುತ್ತಿದ್ದರು. ಅವರ ವಿಚಾರವೆಲ್ಲ ಇಷ್ಟರಲ್ಲಿತ್ತು: ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರಾದವನು ಸುಮ್ಮನಿರಬೇಕು, ಆ ಮೌನ ಮಗುವಿನ ಸ್ವತ್ತು, ಅದಕ್ಕೆ ಕೈ ಹಾಕಬಾರದು. ಸುಮ್ಮನಿರುವುದು ಅವರಿಗೂ ಕಷ್ಟವೇ ಆಗಿತ್ತೇನೋ, ಪಂಚೆಯ ತುದಿಯಿಂದ ಕನ್ನಡಕ ಒರೆಸುತ್ತ ಫ್ಯಾನ್ ನೋಡುತ್ತಿದ್ದರು.

ಆಗ ಕಾಲೇಜು ಹುಡುಗನಾಗಿ ಅಲ್ಲಿಗೆ ಹೋಗಿಬರುತ್ತಿದ್ದ ನನ್ನಂಥ ಮಿಮಿಕ್ರಿಯವನಿಗೆ ಇನ್ನೇನು ಬೇಕು? ಸಿಕ್ಕಸಿಕ್ಕವರೆದುರು, ಕಡೆಗೆ ಆ ಮಕ್ಕಳೆದುರೂ, ಮೇಷ್ಟ್ರಾಗಿ ನಿಂತೆ. ಮುಂದಿನ ಭಾನುವಾರ ಅವರು ಪ್ರಶ್ನೆ ಕೇಳಿ ಕನ್ನಡಕಕ್ಕೆ ಕೈ ಹಾಕಿದ್ದೇ ತಡ, ವರಾಂಡವೆಲ್ಲ ಕಿಸಕ್ಕೆಂದಿತು. ಅದರ ಮರುವಾರವೂ. ಮೌನವೇ ಹೋದ ಮೇಲೆ ಅವರ ಪಾಠದಲ್ಲಿ ಉಳಿದದ್ದೇನು?

ಮೇಷ್ಟ್ರು ಬೈಯಲಿಲ್ಲ. ಎದ್ದು, ಕನ್ನಡಕ ನನ್ನ ಕೈಗಿಟ್ಟು, "ಬಾರಪ್ಪ, ನೀನೇ ನಾನಾಗು. ಪಾಠ ಮಾಡು" ಅಂದರು.

ಅವರದೇ ಮೂಗಿನ ದನಿಯಲ್ಲಿ ಕೇಳಿದೆ: "ಮಳೆ ನಿಂತ್ಮೇಲೆ ಬೀದಿ ನೀರು ಎಲ್ಲಿಗೆ ಹೋಗುತ್ತೆ?" ಒರೆಸಿದೆ. ಫ್ಯಾನ್ ನೋಡಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಗು ಮುಗಿಯಿತು. ನನ್ನ ಆಟ ಯಾವತ್ತೂ ನಗುವಿನಾಚೆಗೆ ಹೋದದ್ದಲ್ಲ. ಮುಂದೇನೆಂದು ತಿಳಿಯದೆ ಒರೆಸುತ್ತಲೇ ಇದ್ದೆ. ಆಗ ಪಕ್ಕದ ತಗ್ಗುಬೀದಿಯ ಪದ್ಮಾ ತಮಿಳು ಬೆರೆಸಿ ಮೆಲ್ಲಗೆ, "ಎಲ್ಲೂ ಪೋಗಾದು ಅಣ್ಣಾ, ನಮ್ಮನೆ ಒಳಗೇ ಬರುತ್ತೆ. ಆಮೇಲೆ..." ಅಂದಳು.

"ಶಭಾಷ್! ಸೂಪರ್!" ಎಂದು ಕೂಗಿಬಿಟ್ಟೆ. ಪದ್ಮಾ ನಾಚಿ ತಲೆ ತಗ್ಗಿಸಿದಳು. ಆ 'ಆಮೇಲೆ' ಏನೆಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಅಂದಿನಿಂದ ಮೇಷ್ಟ್ರ ಕನ್ನಡಕ ನೋಡಿ ಯಾರೂ ನಗಲಿಲ್ಲ, ನಾನಂತೂ ಇಲ್ಲ.

ಈಗ ಸಂಜೆ ಅಕ್ಕನ ಮಗಳಿಗೆ ಲೆಕ್ಕ ಹೇಳಿಕೊಡುತ್ತೇನೆ. ನಿನ್ನೆ ಅರ್ಧ ಉತ್ತರ ಹೇಳಿ, "ಇರು ಮಾಮಾ" ಎಂದು ಪೆನ್ಸಿಲ್ ಕಚ್ಚುತ್ತ ಕೂತಳು. ಶಭಾಷ್ ಗಂಟಲವರೆಗೆ ಬಂದಿತ್ತು. ಹೊಸ ಬಟ್ಟೆ ತೆಗೆದು ಒರೆಸತೊಡಗಿದೆ. ಅಂದು ಕನ್ನಡಕ ವಾಪಸು ಇಸಿದುಕೊಳ್ಳುತ್ತ ಮೇಷ್ಟ್ರು ಹೇಳಿದ್ದು ಇಷ್ಟೇ:

"ನನ್ ಹಾಗೇ ಮಾಡ್ತೀನಿ ಅಂದ್ಮೇಲೆ ಪೂರ್ತಿ ಮಾಡೋ. ಇಲ್ಲಿ ನಾನು ಬಾಯಿ ಮುಚ್ಕೊಂಡಿರ್ತೀನಿ."